ಹಳೆಯ ಗಣಕ, ಮುಕ್ತ ತಂತ್ರಾಂಶ ಮತ್ತು ನಮ್ಮ ಹಿಂದಿನ ಸಂಚಿಕೆಗಳು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾಸಿಕದಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿ ಈಗ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಗಿ ಬಂದಿದ್ದೇನೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯ ಈ ಜಿಲ್ಲೆಯ ಎಲ್ಲೋರದಲ್ಲಿದೆ. ‘ಕನ್ನಡ’ ಎಂಬ ಹೆಸರಿನ ತಾಲ್ಲೂಕೂ ಇಲ್ಲಿಯೇ ಇದೆ. ಆದರೆ ಕನ್ನಡದಲ್ಲಿ ಒಂದು ಪುಟ ಬೆರಳಚ್ಚು ಮಾಡಿಕೊಡುವ ಅಂಗಡಿ ನನಗಿನ್ನೂ ದೊರೆತಿಲ್ಲ. ಹೊರನಾಡಿನಲ್ಲಿ ನಮ್ಮ ಮುದ್ರಣಾಲಯ ನಮ್ಮ ಮೇಜಿನ ಮೇಲೆಯೇ ಇರಬೇಕು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಆರನೆಯ ತಲೆಮಾರಿನ ಇಂಟೆಲ್ ಸಂಸ್ಕಾರಕ. ವಿಂಡೋಸ್ 11 ಅದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. “ಅಪ್ಪಾ, ಗುಜರಿಗೆ ಹಾಕಿಬಿಡಿ” ಎಂದ ಮಗ. ಯಂತ್ರಕ್ಕೆ ವಯಸ್ಸಾಗಿತ್ತೇ ಹೊರತು ರೋಗವಿರಲಿಲ್ಲ. ನಾಸಿಕದ ಪರಿಚಿತ ದುರಸ್ತಿಗಾರನೊಬ್ಬ ನನ್ನೆದುರಿಗೇ ತಳದ ತಿರುಪುಗಳನ್ನು ಬಿಚ್ಚಿದ. 4 ಜಿಬಿ ರ‍್ಯಾಮ್ ತೆಗೆದು 16 ಜಿಬಿ ಕೂರಿಸಿದ, ತಿರುಗುವ ಹಾರ್ಡ್ ಡಿಸ್ಕಿನ ಸ್ಥಾನಕ್ಕೆ ಎಸ್‌ಎಸ್‌ಡಿ ಬಂತು, ಬ್ಯಾಟರಿಯೂ ಹೊಸದಾಯಿತು. ಎರಡು ಸಲ ಚಹಾ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಇಂದಿನ ಅನೇಕ ತೆಳು ಯಂತ್ರಗಳಲ್ಲಿ ರ‍್ಯಾಮನ್ನು ಫಲಕಕ್ಕೇ ಬೆಸೆದಿರುತ್ತಾರೆ. ಅಲ್ಲಿ ಈ ಚಿಕಿತ್ಸೆ ನಡೆಯದು. ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2021ರಲ್ಲಿ, ಬಳಕೆದಾರನೇ ಬಿಚ್ಚಿ ಜೋಡಿಸಬಲ್ಲ ಲ್ಯಾಪ್‌ಟಾಪನ್ನು ತಿರುಪುಳಿಯೊಂದಿಗೇ ಮಾರತೊಡಗಿದಾಗ ಜಗತ್ತು ಬೆರಗಾಯಿತು. ನಮ್ಮ ದುರಸ್ತಿಗಾರನಿಗೆ ಇದರಲ್ಲಿ ಬೆರಗೇನೂ ಕಾಣಲಿಕ್ಕಿಲ್ಲ.

ಅನಂತರ ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿಕೊಂಡೆ. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದ್ದು 1991ರಲ್ಲಿ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದೂ ಅದೇ ವರ್ಷ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ಕಗಪ’ ಕೀಲಿಮಣೆ, ಗುಬ್ಬಿ, ನವಿಲು ಮೊದಲಾದ ಅಕ್ಷರಶೈಲಿಗಳು ಇದರಲ್ಲಿ ಉಚಿತವಾಗಿ ದೊರೆಯುತ್ತವೆ. ತೊಡಕುಗಳೂ ಉಂಟು: ಬೆರಳ ಗುರುತು ಓದುವ ಸಾಧನ ಇಂದಿಗೂ ಮೌನವಾಗಿದೆ, ಡಿಜಿಟಲ್ ಸಹಿಗಾಗಿ ಒಂದು ವಾರ ಒದ್ದಾಡಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ನನಗಿಂತ ಜಾಣರು. ಕೇರಳದ ಶಾಲೆಗಳಲ್ಲಿ ಲಿನಕ್ಸೇ ಪಾಠವಾಗಿರುವುದರಿಂದ ಅವರಿಗೆ ಇದು ಬಾಲ್ಯದ ಗೆಳೆಯ.

ಈ ಯಂತ್ರದ ಮುಂದೆ ಕುಳಿತು ನಾನು ಮೊದಲು ತೆರೆದದ್ದು ನಮ್ಮ ಸಂಘದ ಹಳೆಯ ಸಂಚಿಕೆಗಳನ್ನು. ತೆರೆಯ ಮೇಲೆ ಬಂದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಹಳೆಯ ನುಡಿ, ಬರಹ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಇಟ್ಟಿದ್ದವು; ಆ ಶೈಲಿ ಇಲ್ಲದೆಡೆ ಕನ್ನಡವೇ ಇಲ್ಲ. ದಿವಂಗತರಾದ ಹಿರಿಯರ ಲೇಖನಗಳು ಹೀಗೆ ಕಣ್ಣೆದುರೇ ಮೂಕವಾಗಿದ್ದುದನ್ನು ಕಂಡು ಆ ರಾತ್ರಿ ನಿದ್ರೆ ಬರಲಿಲ್ಲ.

ಯೂನಿಕೋಡಿಗೆ ಪರಿವರ್ತಿಸುವ ಮುಕ್ತ ತಂತ್ರಾಂಶಗಳಿವೆ. ಆದರೆ ಅರ್ಕಾವೊತ್ತು ಅವನ್ನು ಕಾಡುತ್ತದೆ. ಹಳೆಯ ಶೈಲಿಯಲ್ಲಿ ಅದು ಅಕ್ಷರದ ನಂತರ, ಯೂನಿಕೋಡಿನಲ್ಲಿ ಮೊದಲು. ಆದ್ದರಿಂದ ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ. ಆಕರ ತೆರೆದಿರುವುದರಿಂದ ಸೊಸೆ ಆ ನಿಯಮವನ್ನು ತಿದ್ದಿಕೊಟ್ಟಳು. ಮುಚ್ಚಿದ ತಂತ್ರಾಂಶವಾಗಿದ್ದರೆ ಅರ್ಜಿ ಬರೆದು ಕಾಯಬೇಕಿತ್ತು, ಅರ್ಜಿಗಳ ಗತಿ ನನಗೆ ಗೊತ್ತು. ಆದರೂ ಪ್ರತಿ ಪುಟವನ್ನೂ ಕನ್ನಡ ಬಲ್ಲ ಕಣ್ಣೊಂದು ಓದಲೇಬೇಕು. ಹನ್ನೊಂದು ಸಂಚಿಕೆಗಳು ಮುಗಿದಿವೆ. ಉಳಿದವುಗಳ ಸಿ.ಡಿ.ಗಳು ನಿಮ್ಮ ಮನೆಯ ಕಪಾಟುಗಳಲ್ಲಿದ್ದರೆ ದಯಮಾಡಿ ಮುಂದಿನ ಸಭೆಗೆ ತನ್ನಿ. ಕರಡು ತಿದ್ದಲು ಇಬ್ಬರು ಬಂದರೆ ಚಹಾದ ಹೊಣೆ ನನ್ನದು.