ಕೈಜಾರಿದ ಬ್ಯಾಟೂ ಅಂಪೈರನ ತೀರ್ಪೂ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ಭಾಷಣವೆಂದರೆ ಸಾಹಿತ್ಯವೋ ಇತಿಹಾಸವೋ ಆಗಿರಬೇಕೆಂಬುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ಆಟದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದಾರೆ. ಅದಕ್ಕೆ ಕಾರಣವುಂಟು. ಮಹಾರಾಷ್ಟ್ರದ ಶಾಲೆ ಕಾಲೇಜುಗಳಲ್ಲಿ ಸಾಫ್ಟ್‌ಬಾಲ್ ಆಟ ಚೆನ್ನಾಗಿ ಬೇರೂರಿದೆ. ನಮ್ಮವರ ಮಕ್ಕಳೂ ಆಡುತ್ತಾರೆ. ಅಂಪೈರುಗಳು ಸಾಲದಾದಾಗ, ಕಚೇರಿ ಕಾರ್ಖಾನೆಗಳಿಗೆ ರಜೆಯಿರುವ ನಮ್ಮಂಥವರನ್ನೇ ಕರೆದು ನಿಲ್ಲಿಸುವುದೂ ಉಂಟು. ಹಾಗೆ ನಿಂತವರನ್ನು ಬಹಳವಾಗಿ ಗಲಿಬಿಲಿಗೊಳಿಸುವ ಪ್ರಶ್ನೆ ಒಂದಿದೆ: ಬೀಸುವಾಗ ಬ್ಯಾಟೇ ಕೈಯಿಂದ ಹಾರಿಹೋದರೆ ಏನು ಮಾಡಬೇಕು?

ಈ ಆಟ 1887ರಲ್ಲಿ ಅಮೆರಿಕದ ಚಿಕಾಗೋ ನಗರದ ಒಂದು ಕ್ಲಬ್ಬಿನ ಕೋಣೆಯೊಳಗೆ ಹುಟ್ಟಿತು. ಜಾರ್ಜ್ ಹ್ಯಾನ್‌ಕಾಕ್ ಎಂಬವರೂ ಅವರ ಗೆಳೆಯರೂ ಮುಷ್ಟಿಯುದ್ಧದ ಕೈಗವಸನ್ನು ಚೆಂಡಿನಂತೆ ಕಟ್ಟಿ, ಪೊರಕೆಯ ಕೋಲಿನಿಂದ ಹೊಡೆದರು. ಅಲ್ಲಿಂದ ಬೆಳೆದು, 1996ರಲ್ಲಿ ಅದು ಹೆಂಗಸರ ಆಟವಾಗಿ ಒಲಿಂಪಿಕ್ಸ್ ಸೇರಿತು. ಆದರೆ ‘ಸಾಫ್ಟ್’ ಎಂಬ ಹೆಸರನ್ನು ನಂಬಿ ಯಾರೂ ಮೋಸಹೋಗಬಾರದು. ಬ್ಯಾಟು 34 ಅಂಗುಲದವರೆಗೆ ಉದ್ದ, 38 ಔನ್ಸಿನವರೆಗೆ, ಅಂದರೆ ಒಂದು ಕಿಲೋಗಿಂತ ತುಸು ಹೆಚ್ಚು, ತೂಕವಿರಬಹುದು. ಹೆಂಗಸರ ಪಂದ್ಯದಲ್ಲಿ ಚೆಂಡೆಸೆಯುವ ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಅಷ್ಟು ದೂರ ಬರಲು ಅರ್ಧ ಸೆಕೆಂಡೂ ಹಿಡಿಯದು. ಅಷ್ಟರೊಳಗೆ ಮೈಬಲವನ್ನೆಲ್ಲ ಹಾಕಿ ಬೀಸಬೇಕು. ಊರಿನಲ್ಲಿ ಚಿನ್ನಿದಾಂಡು ಆಡಿದವರು ಬಲ್ಲರು, ಬೆವರಿದ ಕೈಯಲ್ಲಿ ದಾಂಡು ನಿಲ್ಲುವುದು ಎಷ್ಟು ಕಷ್ಟವೆಂದು. ಇಲ್ಲಿಯಂತೂ ಬೆನ್ನ ಹಿಂದೆ ಕೆಲವೇ ಅಡಿಯಲ್ಲಿ ಕ್ಯಾಚರ್ ಕುಕ್ಕುರುಗಾಲಿನಲ್ಲಿ ಕೂತಿರುತ್ತಾಳೆ. ಆಕೆಯ ಹಿಂದೆಯೇ ಅಂಪೈರು.

ಬ್ಯಾಟು ಹಾರಿದೊಡನೆ ಸುತ್ತ ನಿಂತವರೆಲ್ಲ ಕೂಗುತ್ತಾರೆ. ಒಬ್ಬರು “ಔಟ್ ಕೊಡಿ” ಎನ್ನುತ್ತಾರೆ, ಇನ್ನೊಬ್ಬರು “ಪಾಪ, ಬೇಕೆಂದು ಎಸೆದಳೇ?” ಎನ್ನುತ್ತಾರೆ. ಇಬ್ಬರೂ ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿ ಕಲಸುತ್ತಿದ್ದಾರೆ. ಮೊದಲ ಪ್ರಶ್ನೆ, ಬ್ಯಾಟು ಏನು ಮಾಡಿತು? ಎರಡನೆಯದು, ಬ್ಯಾಟು ಹಿಡಿದವಳು ಏನು ಮಾಡಿದಳು? ಇವನ್ನು ಬಿಡಿಸಿ, ಇದೇ ಕ್ರಮದಲ್ಲಿ ಕೇಳಿಕೊಂಡರೆ ತೀರ್ಪು ತಪ್ಪುವುದು ಕಡಮೆ.

ಮೊದಲನೆಯದನ್ನು ನೋಡೋಣ. ಬೀಸು ಚೆಂಡಿಗೆ ತಾಗದೆ ಬ್ಯಾಟು ಹಾರಿ ಖಾಲಿ ನೆಲದಲ್ಲಿ ಬಿದ್ದರೆ ಅದು ಬರೀ ಒಂದು ಸ್ಟ್ರೈಕ್. ಆಟ ನಿಲ್ಲುವುದಿಲ್ಲ, ಬೇಸಿನಲ್ಲಿರುವವರು ಓಡಬಹುದು. ಗಾಬರಿಯಿಂದ “ಟೈಮ್” ಎಂದು ಕೂಗಿದ ಅಂಪೈರು ಯಾರೋ ಒಬ್ಬರ ಓಟವನ್ನು ಅನ್ಯಾಯವಾಗಿ ಕಳೆದಂತಾಯಿತು. ಆದರೆ ಯಾರಿಗಾದರೂ ಕೆಟ್ಟ ಪೆಟ್ಟು ಬಿದ್ದಿದ್ದರೆ ಮಾತು ಬೇರೆ. ಆಗ ಆಟಕ್ಕಿಂತ ಜೀವ ದೊಡ್ಡದು. ಒಡನೆ ನಿಲ್ಲಿಸುವ ಅಧಿಕಾರ ಅಂಪೈರಿಗಿದೆ, ಅದನ್ನು ಬಳಸಲು ಹಿಂಜರಿಯಬಾರದು.

ಇಡೀ ಬ್ಯಾಟು ಹಾರಿಬಂದು, ಚೆಂಡು ಹಿಡಿಯಲು ಹೊರಟ ಆಟಗಾರ್ತಿಗೆ ಅಡ್ಡಿಯಾದರೆ ಅದು ಅಡಚಣೆ. ಚೆಂಡು ‘ಡೆಡ್’, ಹೊಡೆದವಳು ಔಟ್, ಓಡುತ್ತಿದ್ದವರು ಕೊನೆಗೆ ಮುಟ್ಟಿದ ಬೇಸಿಗೆ ಹಿಂದಿರುಗಬೇಕು. ಇಲ್ಲಿ ಬೇಕೆಂದು ಮಾಡಿದಳೋ ಇಲ್ಲವೋ ಎಂದು ಕೇಳುವಂತಿಲ್ಲ. ಬ್ಯಾಟನ್ನು ಕೈಯಲ್ಲಿಟ್ಟುಕೊಳ್ಳುವ ಹೊಣೆ ಆಕೆಯದು. ಬ್ಯಾಟು ಮುರಿದು ಅದರ ಚೂರು ಹಾರಿದರೆ ಮಾತ್ರ ಅಡಚಣೆಯೆನ್ನುವುದಿಲ್ಲ, ಆಟ ನಡೆಯುತ್ತದೆ. ಮುರಿಯುವುದು ಯಾರ ಕೈಯಲ್ಲೂ ಇಲ್ಲವಷ್ಟೆ.

ಇನ್ನೊಂದು ಸೂಕ್ಷ್ಮವಿದೆ. ಎರಡು ಫೌಲ್ ಗೆರೆಗಳ ನಡುವಣ ನೆಲದಲ್ಲಿ, ಒಮ್ಮೆ ಹೊಡೆದ ಚೆಂಡಿಗೆ ಬ್ಯಾಟು ಬಂದು ಮತ್ತೆ ಬಡಿದರೆ ಹೊಡೆದವಳು ಔಟ್. ಬಿದ್ದಿರುವ ಬ್ಯಾಟಿಗೆ ಚೆಂಡೇ ಉರುಳಿ ತಾಗಿದರೆ, ಬೇಕೆಂದು ಹಾಗೆ ಬಿಟ್ಟಿರದಿದ್ದರೆ, ಆಟ ಸಾಗುತ್ತದೆ. ಯಾವುದು ಯಾವುದಕ್ಕೆ ತಾಗಿತೆಂಬುದನ್ನು ಕಣ್ಣಿಟ್ಟು ನೋಡಬೇಕು.

ಇಷ್ಟು ತೀರಿದ ಮೇಲೆ ಎರಡನೆಯ ಪ್ರಶ್ನೆ. ಬ್ಯಾಟು ಬೆವರಿಗೆ ಜಾರಿತೇ, ಅಜಾಗ್ರತೆಯಿಂದ ಬಿಟ್ಟಳೇ, ಸಿಟ್ಟಿನಿಂದ ಎಸೆದಳೇ? ಜಾರಿದ್ದಾದರೆ ಕೈ ಒರೆಸಿಕೊಂಡು ಬಾ ಎಂದರೆ ಸಾಕು. ಹೊಡೆದೊಡನೆ ಹಿಂದೆ ಬೀಸಿ ಎಸೆಯುವ ಚಾಳಿಯಿದ್ದರೆ ಎಚ್ಚರಿಕೆ ಕೊಡಬೇಕು. ಅಮೆರಿಕದ ಶಾಲಾ ಪಂದ್ಯಗಳಲ್ಲಿ ಮೊದಲ ಸಲಕ್ಕೆ ಇಡೀ ತಂಡಕ್ಕೆ ಎಚ್ಚರಿಕೆ, ಅನಂತರ ಅದೇ ತಪ್ಪು ಮಾಡಿದವರನ್ನು ಬೆಂಚಿಗೆ ಕೂರಿಸುವುದು. ಸಿಟ್ಟಿನಿಂದ ಎಸೆದವರನ್ನಂತೂ ಆಟದಿಂದ ಹೊರಗೆ ಕಳುಹಿಸಬೇಕು, ಬ್ಯಾಟು ಯಾರಿಗೂ ತಾಗದಿದ್ದರೂ ಸರಿಯೇ. ಯಾರಿಗೂ ಅಡ್ಡಿಯಾಗದ ಬ್ಯಾಟಿಗಾಗಿ ಔಟ್ ಕೊಡುವ ಕಟ್ಟಳೆ ಕೆಲವು ಸ್ಥಳೀಯ ಪಂದ್ಯಗಳಲ್ಲಿರುತ್ತದೆ. ಅದನ್ನು ಪಂದ್ಯಕ್ಕೆ ಮೊದಲೇ ಕೇಳಿ ತಿಳಿದಿರಬೇಕು, ನಡುವೆ ನಾವಾಗಿ ಹುಟ್ಟಿಸಬಾರದು.

ನಮ್ಮಲ್ಲಿ ಹಲವರು ಗುಮಾಸ್ತರು. ಕೈತಪ್ಪಿನಿಂದ ಲೆಕ್ಕದಲ್ಲಿ ಹತ್ತು ರೂಪಾಯಿ ಏರುಪೇರಾದರೆ ಲೆಕ್ಕವನ್ನು ತಿದ್ದಲೇಬೇಕು, ಪಾಪವೆಂದು ಬಿಡುವಂತಿಲ್ಲ. ಆದರೆ ಬರೆದವನನ್ನು ಕಳ್ಳನೆನ್ನುವಂತೆಯೂ ಇಲ್ಲ. ಅಂಪೈರನ ನ್ಯಾಯವೂ ಇಷ್ಟೇ. ಆದ ನಷ್ಟಕ್ಕೆ ಒಂದು ತೀರ್ಪು, ಮಾಡಿದವರ ನಡತೆಗೆ ಇನ್ನೊಂದು.

ಕೊನೆಯದಾಗಿ, ತೀರ್ಪಿಗಿಂತ ತಡೆ ಮೇಲು. ಬ್ಯಾಟಿನ ಹಿಡಿಗೆ ಜಾರದ ಹೊದಿಕೆ 10 ಅಂಗುಲಕ್ಕೆ ಕಡಮೆಯಿಲ್ಲದಂತೆ ಇರಬೇಕು, ತುದಿಯಲ್ಲಿ ಕಾಲು ಅಂಗುಲವಾದರೂ ಹೊರಚಾಚಿದ ಗುಬುಟು ಇರಬೇಕು ಎಂದು ನಿಯಮ ಹೇಳುವುದು ಅಲಂಕಾರಕ್ಕಲ್ಲ. ಪಂದ್ಯಕ್ಕೆ ಮುಂಚೆ ಪ್ರತಿಯೊಂದು ಬ್ಯಾಟನ್ನೂ ಕೈಯಲ್ಲಿ ಹಿಡಿದು ನೋಡಿರಿ. ಹೊದಿಕೆ ಸವೆದಿದ್ದರೆ, ಗುಬುಟು ಸಡಿಲವಾಗಿದ್ದರೆ, ಯಾರ ಮುಲಾಜೂ ನೋಡದೆ ಪಕ್ಕಕ್ಕಿಡಿ. ಮುಂದೆ ಬ್ಯಾಟ್ ಮಾಡಬೇಕಾದವರನ್ನು ದೂರ ನಿಲ್ಲಿಸಿ. ಕ್ಯಾಚರಿನ ಮುಖವಾಡ ಬಿಗಿಯಾಗಿದೆಯೇ ನೋಡಿ. ಐದು ನಿಮಿಷದ ಕೆಲಸ. ಆ ಐದು ನಿಮಿಷದಿಂದ ಯಾರದೋ ಮನೆಯ ಮಗುವಿನ ಕಣ್ಣೋ ಹಲ್ಲೋ ಉಳಿದೀತು.