ಅಭಿಮಾನಿ ದೇವರುಗಳ ಹೊಣೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ ಡಾಕ್ಟರು, ಇಂಜಿನಿಯರು, ಮೇಷ್ಟ್ರು ಆದವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕರೆದದ್ದು ಒಂದೇ ಅರ್ಹತೆಗೆ. ನಮ್ಮ ಬ್ಯಾಚಿನಲ್ಲಿ ನನ್ನಷ್ಟು ಸಿನಿಮಾ ನೋಡಿದವರು ಇನ್ನೊಬ್ಬರಿಲ್ಲ. ಆದ್ದರಿಂದ ಸಿನಿಮಾ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ನಾವು ಹುಡುಗರಾಗಿದ್ದಾಗ ಯಲಹಂಕ, ಹೆಬ್ಬಾಳ ಎಲ್ಲ ಬೆಂಗಳೂರು ಆಗಿರಲಿಲ್ಲ. ಇಲ್ಲಿಂದ 'ಬೆಂಗಳೂರಿಗೆ ಹೋಗಿ ಬರ್ತೀನಿ' ಅಂತ ಹೇಳಿ ಬಸ್ಸು ಹತ್ತುತ್ತಿದ್ದೆವು. ಮೆಜೆಸ್ಟಿಕ್ಕಿನಲ್ಲಿ ಓಡಿ ಮುಗಿದ ಚಿತ್ರ ನಮ್ಮ ಕಡೆಯ ಟೆಂಟಿಗೆ ಬರುವ ಹೊತ್ತಿಗೆ ರೀಲು ಸವೆದು ಪರದೆಯ ಮೇಲೆ ಮಳೆ ಸುರಿಯುತ್ತಿತ್ತು. ನೆಲ, ಬೆಂಚು, ಕುರ್ಚಿ ಅಂತ ದರ್ಜೆಗಳು. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಕಡಲೆಕಾಯಿ ಬಿಡಿಸುತ್ತಾ ಮುಂದೇನಾಗುತ್ತದೆ ಎಂದು ಇಡೀ ಟೆಂಟು ಚರ್ಚೆ ಮಾಡುತ್ತಿತ್ತು. ಗೌಡರು, ಕೂಲಿಯವರು, ಮೇಷ್ಟ್ರು ಎಲ್ಲರೂ ಒಂದೇ ಕಡೆ ಕೂತು ಅಳುತ್ತಿದ್ದ ಜಾಗ ನಾನು ನೋಡಿದ್ದು ಅದೊಂದೇ.

ಸಿನಿಮಾ ನಮಗೆ ಭಾಷೆಯನ್ನೂ ಕಲಿಸಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಕನ್ನಡದ ಮನೆಗಳಲ್ಲೂ 'ಹಾಲು' ಅನ್ನುವುದು 'ಆಲು' ಆಗುತ್ತಿತ್ತು. 1977ರಲ್ಲಿ 'ಬಭ್ರುವಾಹನ' ಬಂತು. ಆಮೇಲೆ ನೋಡಿ, ಅರ್ಜುನ ಮತ್ತು ಬಭ್ರುವಾಹನರ ವಾಗ್ವಾದವನ್ನು ಬಾಯಿಪಾಠ ಮಾಡದ ಹುಡುಗನೇ ಇರಲಿಲ್ಲ. ಎರಡೂ ಪಾತ್ರ ರಾಜಕುಮಾರರದೇ. ಕನ್ನಡ ಪಂಡಿತರು ಬೆತ್ತ ಹಿಡಿದರೂ ಹೊರಡದಿದ್ದ ಮಹಾಪ್ರಾಣ ಆ ಸಂಭಾಷಣೆಯಿಂದ ತಾನಾಗಿ ಹೊರಟಿತು.

ಇಷ್ಟು ಚಂದದ ಕನ್ನಡ ಆಡಿದ ರಾಜಕುಮಾರರು ಹೆಚ್ಚು ಶಾಲೆ ಓದಿದವರಲ್ಲ. ಅವರ ಪಾಠಶಾಲೆ ನಾಟಕದ ಕಂಪನಿ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ 1954ರಲ್ಲಿ 'ಬೇಡರ ಕಣ್ಣಪ್ಪ'ದ ನಾಯಕರಾದರು. ಅದೇ ಚಿತ್ರದಲ್ಲಿ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಇದ್ದರು. ಬಾಲಕೃಷ್ಣ ಅವರನ್ನು ನೆನೆಯಿರಿ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತು ಎತ್ತುತ್ತಿದ್ದರು. ಆದರೂ ಒಂದು ಮಾತು ಹಿಂದೆ ಮುಂದೆ ಆದದ್ದು ಪ್ರೇಕ್ಷಕರಿಗೆ ಗೊತ್ತಾಗುತ್ತಿರಲಿಲ್ಲ. ಮಕ್ಕಳೇ, 'ನನಗೆ ಅದಿಲ್ಲ, ಇದಿಲ್ಲ' ಎನ್ನುವ ಮುಂಚೆ ಬಾಲಣ್ಣನ ಒಂದು ಸಿನಿಮಾ ನೋಡಿ.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ರಾಜಕುಮಾರರು ನಮ್ಮನ್ನು 'ಅಭಿಮಾನಿ ದೇವರುಗಳೇ' ಎಂದು ಕರೆದರು. ಕೇಳಿ ನಮಗೆ ಮೈ ಉಬ್ಬಿತು. ಆದರೆ ದೇವರು ಎನಿಸಿಕೊಂಡವರಿಗೆ ಒಂದು ಹೊಣೆ ಇರುತ್ತದಲ್ಲವೇ? ಪೂಜೆ ಮಾಡಿಸಿಕೊಂಡ ಮೇಲೆ ವರ ಕೊಡಬೇಕಲ್ಲವೇ?

2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದರು. ಆ ದಿನ ಮತ್ತು ಮರುದಿನ ಬೆಂಗಳೂರಿನಲ್ಲಿ ಬಸ್ಸು ಸುಟ್ಟರು, ಕಲ್ಲು ತೂರಿದರು, ಗೋಲಿಬಾರ್ ಆಯಿತು. ಒಬ್ಬ ಪೊಲೀಸ್ ಸಿಬ್ಬಂದಿ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಜೀವನವಿಡೀ ಶಾಂತಿ, ವಿನಯ ಎಂದ ಮನುಷ್ಯನಿಗೆ ಸಿಕ್ಕ ವಿದಾಯ ಅದು. ಅವರು ಅದೇ ಸಾವಿನಲ್ಲಿ ತಮ್ಮ ಎರಡು ಕಣ್ಣು ಕೊಟ್ಟು ಹೋಗಿದ್ದರು. ಗಲಾಟೆಯ ಸದ್ದಿನಲ್ಲಿ ಆ ಸುದ್ದಿ ನಮ್ಮಲ್ಲಿ ಅನೇಕರ ಕಿವಿಗೆ ಬೀಳಲೇ ಇಲ್ಲ.

ಹದಿನೈದು ವರ್ಷದ ನಂತರ, 2021ರ ಅಕ್ಟೋಬರ್ 29ರಂದು ಪುನೀತ್ ಹೋದರು. ವಯಸ್ಸು 46. 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಆ ಮಗುವನ್ನು ಎಲ್ಲರೂ ತಮ್ಮ ಮನೆಯ ಹುಡುಗ ಅಂದುಕೊಂಡಿದ್ದರು. ಕಂಠೀರವ ಕ್ರೀಡಾಂಗಣದಲ್ಲಿ ಲಕ್ಷಾಂತರ ಜನ ಸಾಲು ನಿಂತರು, ಅತ್ತರು, ಮನೆಗೆ ಹೋದರು. ಅವರನ್ನು ನಮ್ಮ ಯಶವಂತಪುರದ ಆಚೆಯ ಕಂಠೀರವ ಸ್ಟುಡಿಯೋದಲ್ಲಿ, ತಂದೆ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಅವರೂ ಕಣ್ಣು ಕೊಟ್ಟರು. ವೈದ್ಯರು ಕಾರ್ನಿಯಾದ ಮುಂದಿನ ಪದರ, ಹಿಂದಿನ ಪದರ ಬೇರೆ ಮಾಡಿ ಆ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬರುವಂತೆ ಮಾಡಿದರು. ಈ ಸಲ ಸುದ್ದಿ ಕಿವಿಗೆ ಬಿತ್ತು. ಹಳ್ಳಿ ಹಳ್ಳಿಯಲ್ಲಿ ಹುಡುಗರು ನೇತ್ರದಾನಕ್ಕೆ ಹೆಸರು ಬರೆಸಿದರು.

ಅದೇ ಊರು, ಅದೇ ಮನೆತನ, ಅದೇ ಸ್ಟುಡಿಯೋ. ಬದಲಾದದ್ದು ಅಭಿಮಾನಿ. ನನ್ನ ಮಟ್ಟಿಗೆ ಕನ್ನಡ ಚಿತ್ರರಂಗದ ದೊಡ್ಡ ಗೆಲುವು ಯಾವುದೋ ಚಿತ್ರದ ಗಳಿಕೆಯಲ್ಲ, ಇದು.

ಕಲಾವಿದರು ತಮ್ಮ ಪಾಲು ಕೊಟ್ಟಿದ್ದಾರೆ. ಇಲ್ಲೇ ಹತ್ತಿರ, ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ಲೀಲಾವತಿಯವರು ತೋಟ ಮಾಡಿಕೊಂಡು ಬಾಳಿದರು. ಸುತ್ತಲಿನ ಬಡವರಿಗೆ ಚಿಕಿತ್ಸೆ ಸಿಗಲಿ ಎಂದು ಮಗ ವಿನೋದ್ ರಾಜ್ ಜೊತೆ ಸೇರಿ ಆಸ್ಪತ್ರೆ ಕಟ್ಟಿಸಿದರು. ದನಕರುಗಳಿಗೂ ಒಂದು ಆಸ್ಪತ್ರೆ ಆಯಿತು. 2023ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆಸ್ಪತ್ರೆ ಉಳಿಯಿತು.

ಹಾಗಾದರೆ ನಮ್ಮ ಪಾಲು? ಕಟೌಟಿಗೆ ಸುರಿದ ಹಾಲು ಚರಂಡಿಗೆ ಹೋಗುತ್ತದೆ. ಮೊಬೈಲಿನಲ್ಲಿ ಇನ್ನೊಬ್ಬ ನಟನನ್ನು, ಅವನ ಮನೆಯ ಹೆಣ್ಣುಮಕ್ಕಳನ್ನು ಬೈದರೆ ನಮ್ಮ ನಟ ದೊಡ್ಡವನಾಗುವುದಿಲ್ಲ. ಮಕ್ಕಳೇ, ಯಾರ ಅಭಿಮಾನಿಯಾದರೂ ಆಗಿ, ಬೇಡ ಎನ್ನುವುದಿಲ್ಲ. 1972ರ 'ಬಂಗಾರದ ಮನುಷ್ಯ' ನೋಡಿ ಎಷ್ಟೋ ಯುವಕರು ಹಳ್ಳಿಗೆ ಮರಳಿ ನೇಗಿಲು ಹಿಡಿದರು ಎಂದು ಹಿರಿಯರು ಇವತ್ತಿಗೂ ಹೇಳುತ್ತಾರೆ. ಸಿನಿಮಾ ಮುಗಿದು ಹೊರಗೆ ಬಂದ ಮೇಲೆ ಏನು ಮಾಡಿದೆ ಎಂಬುದೇ ಅಭಿಮಾನದ ಅಳತೆ.

ಕೊನೆಗೆ ಒಂದು ವಿನಂತಿ. ನೇತ್ರದಾನದ ಪತ್ರ ಬರೆದುಕೊಟ್ಟರೆ ಸಾಲದು. ಹೋದವರು ಫೋನು ಮಾಡಲಾರರು, ಮನೆಯವರೇ ಮಾಡಬೇಕು. ಸುಮಾರು ಆರು ಗಂಟೆಯ ಒಳಗೆ ಕಣ್ಣು ಪಡೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನು ಆರಿಸಬೇಕು. ಕನ್ನಡಕ ಹಾಕಿದವರೂ ಕೊಡಬಹುದು, ಪೊರೆಯ ಆಪರೇಷನ್ ಆದವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ. ಇವತ್ತು ಮನೆಗೆ ಹೋಗಿ ಊಟದ ಹೊತ್ತಿನಲ್ಲಿ ಹೆಂಡತಿ ಮಕ್ಕಳಿಗೆ ಈ ಮಾತು ಹೇಳಿ. ನಾನು ನಮ್ಮ ಮನೆಯಲ್ಲಿ ಹೇಳಿದ್ದೇನೆ. ಅರವತ್ತು ವರ್ಷ ಸಿನಿಮಾ ನೋಡಿದ ಕಣ್ಣುಗಳು, ಇನ್ನೊಬ್ಬರು ಇನ್ನಷ್ಟು ನೋಡಲಿ.

 ಜೈ ಕರ್ನಾಟಕ.