ಗಾಯವಾಗುವ ಮುಂಚೆ ಅವರು ನಿಮ್ಮ ಹತ್ತಿರ ಇರುತ್ತಾರೆ

ತಂದೆ ತಾಯಂದಿರೆ, ಇವತ್ತು ಎಂಜಿನಿಯರ್ ಎನ್ನಿಸಿಕೊಂಡು ಹೊರಡುತ್ತಿರುವ ನನ್ನ ಪ್ರೀತಿಯ ಮಕ್ಕಳೆ,

ನಾನು ಕಣ್ಣಿನ ಶಸ್ತ್ರವೈದ್ಯ. ನನ್ನ ಕಸುಬು ನಿಂತಿರುವುದೇ ನಿಮ್ಮಂಥವರು ಮಾಡಿಕೊಟ್ಟ ಸಲಕರಣೆಗಳ ಮೇಲೆ. ಹಾಗೆಯೇ ನನ್ನ ಮುಂದೆ ಬರುವ ಗಾಯದ ಕಣ್ಣುಗಳಲ್ಲಿ ಬಹಳಷ್ಟು, ಎಂಜಿನಿಯರೊಬ್ಬ ಮಾಡಬಹುದಾಗಿದ್ದೂ ಮಾಡದೆ ಬಿಟ್ಟ ಸಣ್ಣ ಕೆಲಸಗಳಿಂದ ಬಂದವು. ದೂರು ಹೇಳುವುದಕ್ಕೆ ನಾನು ಬಂದಿಲ್ಲ. ಮಾಡಬೇಕಾದ ಕೆಲಸ ನಿಮ್ಮ ಕಣ್ಣೆದುರಿಗೇ ಬೇಕಾದಷ್ಟು ಬಿದ್ದಿದೆ ಎಂದು ಹೇಳಲು ಬಂದಿದ್ದೇನೆ.

ಈ ಕಾಲೇಜಿನಿಂದ ಹೊರಬಿದ್ದರೆ ಚಿಗರಿ ಬಸ್ಸು ಓಡುವ ಹುಬ್ಬಳ್ಳಿ–ಧಾರವಾಡ ರಸ್ತೆ. ಅದರ ಮಗ್ಗುಲಿಗೇ ರಾಯಾಪುರದ ಕೈಗಾರಿಕಾ ಪ್ರದೇಶ. ಆ ಕಡೆಗೆ ಗೋಕುಲ ರಸ್ತೆ, ತಾರಿಹಾಳ. ಈ ಕಡೆಗೆ ಧಾರವಾಡದ ಬೇಲೂರು. ಶೆಡ್ಡುಗಳಲ್ಲಿ ಬೆಳಗಿನಿಂದ ಸಂಜೆಯತನಕ ಲೇಥು, ಗ್ರೈಂಡರು, ವೆಲ್ಡಿಂಗು. ಅಲ್ಲಿಂದ ಹುಡುಗರು ಕಣ್ಣಿಗೆ ಕರ್ಚೀಫು ಒತ್ತಿಕೊಂಡು ಬರುತ್ತಾರೆ. "ಕಣ್ಣಾಗ ಏನೋ ಬಿದ್ದೈತ್ರೀ ಸರ, ಎಷ್ಟ್ ತೊಳದ್ರೂ ಹೋಗವಲ್ದು" ಅನ್ನುತ್ತಾರೆ. ಅಷ್ಟರಲ್ಲಿ ಜೊತೆಗಾರನೊಬ್ಬ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ತೆಗೆಯಲು ನೋಡಿರುತ್ತಾನೆ. ಕಬ್ಬಿಣದ ಕಿಡಿ ಕಾರ್ನಿಯಾದಲ್ಲಿ ನೆಟ್ಟು ರಾತ್ರಿ ಕಳೆದರೆ ಅದರ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. ಚೂರು ತೆಗೆದ ಮೇಲೆ ತುಕ್ಕನ್ನು ಬೇರೆಯಾಗಿ ಕೆರೆದು ತೆಗೆಯಬೇಕು. ಗಾಯ ಆಳವಾಗಿದ್ದರೆ ಮಾಗಿದ ಜಾಗದಲ್ಲಿ ಬಿಳಿ ಕಲೆ ಉಳಿಯುತ್ತದೆ. ಕಲೆ ನಟ್ಟನಡುವೆ ಬಿದ್ದರಂತೂ ಆ ಕಣ್ಣಿನಿಂದ ವರ್ನಿಯರ್ ಗೀಟು ಓದುವುದು ಕಷ್ಟ.

ನೀವು ಲೆಕ್ಕ ಬಲ್ಲವರು, ಒಂದು ಲೆಕ್ಕ ಹಾಕೋಣ. 100 ಮಿಲಿಮೀಟರ್ ಚಕ್ರದ ಕೈ ಗ್ರೈಂಡರು ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಚಕ್ರದ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಮೇಲೆ. ಕೆಲಸಗಾರನ ಮುಖ ಅದರಿಂದ ಅರ್ಧ ಮೀಟರ್ ದೂರ. ಚಕ್ರ ಒಡೆದು ಹಾರಿದ ಚೂರು ಆ ದೂರ ದಾಟುವುದಕ್ಕೆ ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ರೆಪ್ಪೆ ಮುಚ್ಚುವುದಕ್ಕೆ ಅದರ ಹತ್ತು ಪಟ್ಟು ಹೊತ್ತು ಬೇಕು. "ನೋಡಿಕೊಂಡು ಕೆಲಸ ಮಾಡೋ" ಎಂದು ಹುಡುಗನಿಗೆ ಬುದ್ಧಿ ಹೇಳಿ ಏನು ಪ್ರಯೋಜನ? ನೋಡಿಕೊಳ್ಳಲು ಈ ಲೆಕ್ಕದಲ್ಲಿ ವೇಳೆಯೇ ಇಲ್ಲ.

ಇದಕ್ಕಿಂತ ನನಗೆ ಹೆಚ್ಚು ಭಯ ಚಾಣದ್ದು. ಸುತ್ತಿಗೆಯ ಪೆಟ್ಟು ತಿಂದು ತಿಂದು ಚಾಣದ ತಲೆ ಅಗಲವಾಗುತ್ತದೆ, ಅಂಚು ಹೊರಕ್ಕೆ ಮಡಚಿಕೊಂಡು ಸೀಳು ಬಿಡುತ್ತದೆ. ಮುಂದೊಂದು ಪೆಟ್ಟಿಗೆ ಆ ಅಂಚಿನ ತುಣುಕು ಸಿಡಿದು ಕಣ್ಣಿನ ಗೋಡೆಯನ್ನೇ ತೂರಿ ಒಳಗೆ ಹೋಗಿ ಕೂರುತ್ತದೆ. ಎಷ್ಟೋ ಸಲ ಹೊರಗೆ ರಕ್ತ ಕಾಣುವುದಿಲ್ಲ, ನೋವೂ ಅಷ್ಟಾಗಿ ಇರುವುದಿಲ್ಲ. ಹುಡುಗ ಮುಖ ತೊಳೆದುಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತಾನೆ. ಒಳಗಿನ ಕಬ್ಬಿಣ ತಿಂಗಳುಗಟ್ಟಲೆ ಕರಗುತ್ತ ರೆಟಿನಾವನ್ನು ಕೊಲ್ಲುತ್ತದೆ. ಅದು ಅಲ್ಲಿದೆ ಎಂದು ತಿಳಿಯದೆ ಬೇರೆ ಯಾವುದೋ ಕಾಯಿಲೆಗೆ ಎಂಆರ್‌ಐ ಯಂತ್ರದೊಳಗೆ ಮಲಗಿಸಿದರೆ, ಆಯಸ್ಕಾಂತ ಆ ಚೂರನ್ನು ಕಣ್ಣೊಳಗೇ ಎಳೆದಾಡಿಬಿಡಬಹುದು. ಅದನ್ನು ತೆಗೆಯಲು ತಾಸುಗಟ್ಟಲೆ ಆಪರೇಷನ್, ಲಕ್ಷಗಟ್ಟಲೆ ಬೆಲೆಯ ಯಂತ್ರ. ಇಷ್ಟಾದರೂ ನೋಟ ಪೂರ್ತಿ ಮರಳುತ್ತದೆಂಬ ಖಾತರಿಯಿಲ್ಲ. ಇದನ್ನು ತಡೆಯಲು ಬೇಕಾದದ್ದೇನು? ಮಡಚಿಕೊಂಡ ತಲೆಯ ಅಂಚನ್ನು ಉಜ್ಜಿ ತೆಗೆದು ಮತ್ತೆ ಸರಿ ಮಾಡಿಡುವುದು. ಕೆಲವೇ ನಿಮಿಷದ ಕೆಲಸ. ಅದು ಯಾರ ಕೆಲಸ ಎಂದು ಶೆಡ್ಡಿನಲ್ಲಿ ಯಾರಿಗೂ ಹೇಳಿರುವುದಿಲ್ಲ, ಅಷ್ಟೇ.

ಕಾನೂನು ಇಲ್ಲವೆಂದಲ್ಲ. ಚೂರು ಹಾರುವ, ಕಣ್ಣು ಕುಕ್ಕುವ ಕೆಲಸದಲ್ಲಿ ಪರದೆಯನ್ನೋ ಗಾಗಲನ್ನೋ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮಿನಲ್ಲೇ ಬರೆದಿದ್ದರು. ನಾಲ್ಕೈದು ಜನರ ಸಣ್ಣ ಶೆಡ್ಡನ್ನು ಆ ಕಾಯ್ದೆ ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಮುಟ್ಟಿದ ಕಡೆಯೂ ಗಾಗಲು ಗೋಡೆಯ ಮೊಳೆಗೆ ತೂಗಾಡುತ್ತಿರುತ್ತದೆ. ಕೆಲಸಗಾರರಿಗೆ ತಿಳಿವಳಿಕೆ ಇಲ್ಲ, ಕೊಟ್ಟರೂ ಹಾಕಿಕೊಳ್ಳುವುದಿಲ್ಲ ಎನ್ನುವ ಮಾತು ನಾನು ಬಹಳ ಕೇಳಿದ್ದೇನೆ, ಅದನ್ನು ಒಪ್ಪುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ತಗಡಿನ ಛಾವಣಿಯ ಕೆಳಗೆ ಆ ಗಾಗಲು ಹಾಕಿಕೊಂಡು ನೋಡಿ. ಸ್ವಲ್ಪ ಹೊತ್ತಿನಲ್ಲಿ ಬೆವರಿನ ಆವಿ ಒಳಗೆ ಮಂಜುಕಟ್ಟುತ್ತದೆ. ವಾರದೊಳಗೆ ಗೀರು ಬಿದ್ದು ಎದುರಿಗಿನದು ಮಸುಕಾಗುತ್ತದೆ. ನಲವತ್ತೈದು ದಾಟಿದ ಫಿಟ್ಟರಿಗೆ ಹತ್ತಿರದ್ದನ್ನು ನೋಡಲು ಚಾಳೀಸು ಬೇಕು. ಅದರ ಮೇಲೆ ಗಾಗಲು ಕೂರುವುದಿಲ್ಲ. ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ಕಾಣದ ಗಾಗಲನ್ನು ತೆಗೆದಿಡುತ್ತಾನೆ. ತಪ್ಪಿರುವುದು ಗಾಗಲಿನಲ್ಲಿ. ಗಾಳಿಯಾಡುವ, ಮಂಜುಕಟ್ಟದ, ಗೀರಿಗೆ ಬಗ್ಗದ, ಚಾಳೀಸಿನ ನಂಬರೂ ಕೂಡಿಕೊಂಡ, ಸಣ್ಣ ಮಾಲಕನ ಕಿಸೆಗೆ ಹೊರೆಯಾಗದ ಪಾಲಿಕಾರ್ಬನೇಟ್ ಗಾಗಲನ್ನು ನಮ್ಮ ಊರಿನ ಬಿಸಿಲಿಗೆ, ನಮ್ಮ ಜನರ ಮೂಗಿನ ಅಳತೆಗೆ ಮಾಡುವುದು ದೊಡ್ಡ ಸಂಶೋಧನೆ. ಇಂಥದ್ದಕ್ಕೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ವಿದ್ಯಾರ್ಥಿ ಪ್ರಾಜೆಕ್ಟುಗಳ ಯೋಜನೆಯಲ್ಲಿ ಹಣವನ್ನೂ ಕೊಡುತ್ತದೆ.

ಗಾಯದ ಕಣ್ಣನ್ನು ಗಮನವಿಟ್ಟು ನೋಡಿದ್ದರಿಂದಲೇ ನಮ್ಮ ಶಾಸ್ತ್ರದ ಅತಿ ದೊಡ್ಡ ಉಪಕಾರ ಆದದ್ದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಗುಮ್ಮಟಕ್ಕೆ ಪರ್ಸ್‌ಪೆಕ್ಸ್ ಎಂಬ ಅಕ್ರಿಲಿಕ್ ಹಾಕಿದ್ದರು. ಗುಂಡು ತಗುಲಿದಾಗ ಅದು ಒಡೆದು ಪೈಲಟ್ಟುಗಳ ಕಣ್ಣಿಗೆ ಹೊಕ್ಕಿತು. ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಅಂಥ ಕಣ್ಣುಗಳನ್ನು ನೋಡುತ್ತ ಬಂದರು. ಚೂರುಗಳು ಒಳಗೇ ಉಳಿದಿದ್ದರೂ ಕಣ್ಣು ಕೆರಳಿರಲಿಲ್ಲ. ಹಾಗಾದರೆ ಇದೇ ವಸ್ತುವಿನಿಂದ ಮಸೂರ ಮಾಡಿ ಪೊರೆ ತೆಗೆದ ಜಾಗದಲ್ಲಿ ಕೂರಿಸಬಹುದಲ್ಲ ಎಂದುಕೊಂಡು, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕೂರಿಸಿಯೂ ನೋಡಿದರು. ಮಸೂರ ಕೂತಿತು, ಆದರೆ ರೋಗಿಗೆ ದೂರದ್ದು ಕಾಣಲಿಲ್ಲ. ಹುಟ್ಟಿನ ಮಸೂರದ ಬಾಗನ್ನು ಹಾಗೆಯೇ ಇಳಿಸಿಕೊಂಡಿದ್ದರು. ಅಕ್ರಿಲಿಕ್ಕು ಬೆಳಕನ್ನು ಅದಕ್ಕಿಂತ ಹೆಚ್ಚು ಬಗ್ಗಿಸುತ್ತದೆ ಎಂಬುದು ಲೆಕ್ಕದಲ್ಲಿ ಸರಿಯಾಗಿ ಬಂದಿರಲಿಲ್ಲ. ಮುಂದಿನ ಮಸೂರದಲ್ಲಿ ಬಾಗು ತಿದ್ದಿದರು. ಕಣ್ಣಿನೊಳಗೆ ಪ್ಲಾಸ್ಟಿಕ್ ಇಡುವುದೇ ಎಂದು ಓರಗೆಯ ವೈದ್ಯರು ದಶಕಗಟ್ಟಲೆ ವಿರೋಧಿಸಿದರು. ಅಮೆರಿಕದ ಸರ್ಕಾರಿ ಒಪ್ಪಿಗೆ ಬಂದದ್ದು 1981ರಲ್ಲಿ.

ನಮ್ಮ ಬೀಳಗಿಯ ಡಾ. ಎಂ. ಸಿ. ಮೋದಿಯವರನ್ನು ಇಲ್ಲಿ ನೆನೆಯಲೇಬೇಕು. ಜನ ಅವರನ್ನು 'ಕಣ್ಣು ಕೊಟ್ಟ ಅಣ್ಣ' ಎಂದರು. ಊರೂರಿಗೆ ಶಿಬಿರ ಒಯ್ದು 1993ರ ಫೆಬ್ರುವರಿವರೆಗೆ ಅವರು ಮಾಡಿದ ಆಪರೇಷನ್ನುಗಳು 6,10,564 ಎಂದು ಗಿನ್ನೆಸ್ ದಾಖಲೆ ಹೇಳುತ್ತದೆ. ಒಂದೇ ದಿನ 833 ಮಾಡಿದ್ದೂ ಉಂಟು. ಆ ಕಾಲದ ಶಿಬಿರಗಳಲ್ಲಿ ಪೊರೆ ತೆಗೆಯುತ್ತಿದ್ದರು, ಒಳಗೆ ಮಸೂರ ಇಡುವಂತಿರಲಿಲ್ಲ. ದಪ್ಪ ಗಾಜಿನ ಚಾಳೀಸಿನ ಹಿಂದೆ ನಿಮ್ಮ ಮುತ್ತಜ್ಜಿಯ ಕಣ್ಣು ದೊಡ್ಡದಾಗಿ ಕಾಣುತ್ತಿದ್ದುದನ್ನು ಮನೆಯ ಹಿರಿಯರು ಹೇಳಿಯಾರು. ಚಾಳೀಸು ಒಡೆದರೆ ಮತ್ತೆ ಕತ್ತಲೆ. 1992ರಲ್ಲಿ ಮದುರೆಯ ಅರವಿಂದ ಆಸ್ಪತ್ರೆಯವರು ಆರೊಲ್ಯಾಬ್ ಕಟ್ಟಿ ಮಸೂರವನ್ನು ಇಲ್ಲಿಯೇ ತಯಾರಿಸಿ ಬೆಲೆ ಇಳಿಸಿದ ಮೇಲೆ ಹಳ್ಳಿಯ ಬಡವರ ಕಣ್ಣಿಗೂ ಅದು ಬಂತು. ಮೋದಿಯವರ ಕೈಚಳಕಕ್ಕೆ ಆಗದೆ ಉಳಿದಿದ್ದ ಭಾಗವನ್ನು ತಯಾರಿಕೆಯ ಶಿಸ್ತು ಪೂರ್ತಿ ಮಾಡಿತು.

ಈಗ ಆಪರೇಷನ್ನಿನ ತೊಡಕುಗಳ ಮಾತು. ಪೊರೆಯ ಆಪರೇಷನ್ ಇವತ್ತು ಇಪ್ಪತ್ತು ನಿಮಿಷದೊಳಗೆ ಮುಗಿಯುವಂಥದ್ದು. ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುವ ಸೂಜಿಯಿಂದ ಪೊರೆಯನ್ನು ಪುಡಿಮಾಡಿ ಹೀರುತ್ತೇವೆ. ಅದರ ಹಿಂದಿರುವ ಚೀಲದ ಪದರ ತೀರ ತೆಳುವಾದಲ್ಲಿ ಸುಮಾರು 4 ಮೈಕ್ರಾನ್. ತಲೆಗೂದಲ ದಪ್ಪದ ಹತ್ತರಲ್ಲೊಂದು ಪಾಲೂ ಇಲ್ಲ. ಸೂಜಿಯ ಬಾಯಿಗೆ ಪೊರೆಯ ತುಂಡು ಸಿಕ್ಕಿಕೊಂಡಾಗ ನಳಿಗೆಯಲ್ಲಿ ನಿರ್ವಾತ ಏರುತ್ತದೆ. ತುಂಡು ಕಳಚಿದ ಕ್ಷಣ ಕಣ್ಣಿನೊಳಗಿನ ನೀರು ರಭಸದಿಂದ ನುಗ್ಗಿ ಕಣ್ಣು ಕುಸಿಯುತ್ತದೆ, ಚೀಲ ಮುಂದಕ್ಕೆ ಬಂದು ಸೂಜಿಗೆ ಸಿಕ್ಕಿ ಹರಿಯುತ್ತದೆ. ಎಂಥ ನುರಿತ ಕೈಯೂ ಅಷ್ಟು ಬೇಗ ಹಿಂದಕ್ಕೆ ಬರುವುದಿಲ್ಲ. ಈ ತೊಡಕು ಕಡಿಮೆಯಾಗಲು ದೊಡ್ಡ ಕಾರಣ ನಳಿಗೆಯ ಗೋಡೆಯನ್ನು ಬಿಗಿ ಮಾಡಿದ, ಒತ್ತಡ ಅಳೆಯುವ ಸೆನ್ಸರ್ ಕೂಡಿಸಿದ ಎಂಜಿನಿಯರುಗಳು. ದ್ರವಗಳ ಪಾಠ ಯಾಕೆ ಓದಬೇಕು ಎಂದು ಎರಡನೇ ವರ್ಷದಲ್ಲಿ ಕೇಳಿದವರು ಈ ಸಭೆಯಲ್ಲಿ ಇದ್ದರೆ, ಉತ್ತರ ಇದು.

ಇನ್ನೊಂದು ತೊಡಕು ಸೋಂಕು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಿಂದ ಬಡವರ ಕಣ್ಣು ಕಾಯುತ್ತ ಬಂದ ಸಂಸ್ಥೆ. 2019ರ ಜುಲೈ 9ರಂದು ಅಲ್ಲಿ ಪೊರೆಯ ಆಪರೇಷನ್ ಆದ ಇಪ್ಪತ್ತಕ್ಕೂ ಹೆಚ್ಚು ಜನರಲ್ಲಿ ಹಲವರಿಗೆ ಸೋಂಕಾಯಿತು, ಕೆಲವರು ಆ ಕಣ್ಣಿನ ದೃಷ್ಟಿ ಕಳೆದುಕೊಂಡರು. ಆಪರೇಷನ್ ನಡೆಯುವಾಗ ಕಣ್ಣು ಕುಸಿಯದಂತೆ ಒಳಗೆ ತುಂಬುವ ಒಂದು ಬಗೆಯ ಜೆಲ್ ಇದೆ. ಶಂಕೆ ಹೋದದ್ದು ಆ ಜೆಲ್‌ನ ಕಡೆಗೆ. ಬೆಳಕು ಕಾಣಲೆಂದು ಬಂದು ಕತ್ತಲೆ ಹೊತ್ತು ಮನೆಗೆ ಹೋದವರ ದುಃಖಕ್ಕೆ ಯಾವ ಪರಿಹಾರದ ಚೆಕ್ಕೂ ಸಮವಲ್ಲ. ಆ ಜೆಲ್‌ನ ದಾರಿ ಯೋಚಿಸಿ: ಸೆಲ್ಯುಲೋಸ್ ಕಲಸಬೇಕು, ಸೋಸಬೇಕು, ಸಿರಿಂಜಿಗೆ ತುಂಬಬೇಕು, ಕ್ರಿಮಿಶುದ್ಧಿ ಮಾಡಬೇಕು, ಸಾಗಿಸಬೇಕು. ಒಂದೊಂದು ಹಂತದಲ್ಲೂ ಒಬ್ಬೊಬ್ಬ ಎಂಜಿನಿಯರಿನ ಸಹಿ ಇರುತ್ತದೆ. ನಾಳೆ ಆ ಸಹಿ ಹಾಕುವವರು ನೀವು.

ಬಟ್ಟೆ, ಸಲಕರಣೆಗಳನ್ನು ಉಗಿಯಿಂದ ಕ್ರಿಮಿಶುದ್ಧಿ ಮಾಡುವ ನಮ್ಮ ಆಟೋಕ್ಲೇವನ್ನೇ ತೆಗೆದುಕೊಳ್ಳಿ. 121 ಡಿಗ್ರಿ ಉಗಿಯಲ್ಲಿ 15 ನಿಮಿಷ ಎಂದು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆದರೆ ಬಟ್ಟೆಯ ಗಂಟಿನ ನಡುವೆ ಗಾಳಿ ಉಳಿದರೆ ಉಗಿ ಅಲ್ಲಿಗೆ ಹೋಗುವುದಿಲ್ಲ. ಹೊರಗಿನ ಮೀಟರು 121 ತೋರಿಸುತ್ತಿದ್ದಾಗ ಗಂಟಿನ ಒಡಲು ತಣ್ಣಗೇ ಇರಬಹುದು. ಗಂಟಿನ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಹೊರಗೆ ಕಾವು ತಾಗಿತೆಂದು ಮಾತ್ರ ಅರ್ಥ. ನಡುವೆ ಕರೆಂಟು ಹೋಗಿ ಬಂದರೆ ನಿಮಿಷಗಳನ್ನು ಎಲ್ಲಿಂದ ಎಣಿಸಬೇಕು? ತಾಲೂಕು ಆಸ್ಪತ್ರೆಯ ನರ್ಸಮ್ಮ ಒಂದು ನೋಟದಲ್ಲಿ ಓದಿ ಹೌದು, ಇಲ್ಲ ಎನ್ನಬಹುದಾದ, ಗಂಟಿನ ಒಡಲಿನ ಶಾಖವನ್ನೇ ದಾಖಲಿಸುವ, ಅಗ್ಗದ ಸಾಧನವನ್ನು ನಿಮ್ಮಲ್ಲಿ ಯಾರಾದರೂ ಮಾಡಿಕೊಟ್ಟರೆ ನಾನು ಮೊದಲ ಗಿರಾಕಿ.

ಇನ್ನೊಂದು ಗಾಯ ನನ್ನ ನಿದ್ದೆ ಕೆಡಿಸುವಂಥದ್ದು. ಎಲೆ ಅಡಿಕೆ, ತಂಬಾಕಿಗೆ ಹಚ್ಚುವ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣ. ಮಗು ಅದನ್ನು ಆಟದ ಸಾಮಾನೆಂದು ಹಿಚುಕುತ್ತದೆ, ಪೊಟ್ಟಣ ಒಡೆದು ಸುಣ್ಣ ನೇರ ಕಣ್ಣಿಗೆ ಚಿಮ್ಮುತ್ತದೆ. ಸುಣ್ಣ ಕ್ಷಾರ. ಅದು ಜೀವಕೋಶದ ಕೊಬ್ಬನ್ನೇ ಕರಗಿಸಿಕೊಂಡು ಒಳಒಳಗೆ ಇಳಿಯುತ್ತದೆ, ಆಮ್ಲಕ್ಕಿಂತ ಘೋರ. ಕೂಡಲೇ, ಅಲ್ಲೇ, ನಲ್ಲಿಯ ಕೆಳಗೆ ಹಿಡಿದು ಅರ್ಧ ತಾಸು ತೊಳೆಯಬೇಕು. ಆಸ್ಪತ್ರೆಗೆ ಓಡುವುದು ಆಮೇಲೆ. ತಾಯಂದಿರೆ, ಇದನ್ನು ದಯವಿಟ್ಟು ನೆನಪಿಡಿ. ಮಕ್ಕಳೆ, ಹಿಚುಕಿದರೆ ಚಿಮ್ಮದಂಥ ಪೊಟ್ಟಣ ನಿಮಗೆ ಆಗದ ಕೆಲಸವೇ?

ಡ್ರೋನು, ಕೃತಕ ಬುದ್ಧಿಮತ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಫೋರಸ್ ಹೆಲ್ತಿನವರು ಕಣ್ಣಿನ ತಪಾಸಣೆಗೆ 3ನೇತ್ರ ಎಂಬ ಯಂತ್ರ ಮಾಡಿದ್ದು ನಿಮ್ಮಂಥ ಎಂಜಿನಿಯರುಗಳ ಹೆಮ್ಮೆ. ಆದರೆ ಸಂಶೋಧನೆಯ ವಿಷಯ ದೂರದಿಂದಲೇ ಬರಬೇಕೆಂಬ ಭಾವನೆ ಬಿಡಿ. ಕಣ್ಣು ಹೋದ ಮೇಲೆ ಜನ ನನ್ನ ಹತ್ತಿರ ಬರುತ್ತಾರೆ. ಹೋಗುವ ಮುಂಚೆ ಅವರು ನಿಮ್ಮ ಹತ್ತಿರ, ನಿಮ್ಮ ಶೆಡ್ಡಿನಲ್ಲಿ, ನಿಮ್ಮ ಕೈಕೆಳಗೆ ಇರುತ್ತಾರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಿಮ್ಮ ವಿಭಾಗದ ಒಂದೊಂದು ಚಾಣವನ್ನೂ ಕೈಯಲ್ಲಿ ಹಿಡಿದು ನೋಡಿ. ಅಲ್ಲಿಯ ಗಾಗಲನ್ನು ನೀವೇ ಹಾಕಿಕೊಂಡು ಮಧ್ಯಾಹ್ನ ಒಂದು ತಾಸು ಗ್ರೈಂಡರಿನ ಮುಂದೆ ನಿಲ್ಲಿ. ಕಣ್ಣು ತೊಳೆಯಲು ಹತ್ತಿರದಲ್ಲಿ ಶುದ್ಧ ನೀರಿದೆಯೇ ಎಂದು ವಿಚಾರಿಸಿ. ಮುಂದೆ ಓದಲು ಹೋಗುವವರು ವಿಷಯ ಹುಡುಕುವಾಗ ಯಾವುದಾದರೂ ಕಣ್ಣಾಸ್ಪತ್ರೆಗೆ ಹೋಗಿ ತೊಡಕುಗಳನ್ನು ಬರೆದಿಟ್ಟ ರಿಜಿಸ್ಟರು ಕೇಳಿ. ನನ್ನಲ್ಲಿಗೆ ಬಂದರೆ ನನ್ನ ರಿಜಿಸ್ಟರನ್ನು ನಾನೇ ಕೂತು ಓದಿ ತೋರಿಸುತ್ತೇನೆ.